ವೊಯ್ಚೆಹ್ ಎನ್ನಬೇಕೆ, ವೊಯ್ತೆಕ್ ಎನ್ನಬೇಕೆ?

ಪೋಲೆಂಡ್‌ನ ಕ್ರಾಕೋವ್‌ಗೆ ಹೊಸದಾಗಿ ಬಂದಿರುವ ನೀವು, ನಿಮ್ಮ ಮೇಲಧಿಕಾರಿಯ ಹೆಸರು ಕಾಗದಪತ್ರಗಳಲ್ಲಿ ವೊಯ್ಚೆಹ್ ಎಂದಿದ್ದರೂ ಕಚೇರಿಯವರೆಲ್ಲ ವೊಯ್ತೆಕ್ ಎನ್ನುವುದೇಕೆ, ನಾನು ಯಾವುದನ್ನು ಬಳಸಲಿ ಎಂದು ಕೇಳಿದ್ದೀರಿ. ಎರಡೂ ಒಂದೇ ಹೆಸರು; ಸಲಿಗೆ ಎಷ್ಟಿದೆ ಎಂಬುದರ ಮೇಲೆ ರೂಪ ಬದಲಾಗುತ್ತದೆ.

‘ವೊಯ್’ ಎಂಬ ಮೊದಲ ಭಾಗ ಯೋಧನನ್ನೂ ಯುದ್ಧವನ್ನೂ ಸೂಚಿಸಿದರೆ, ಉಳಿದ ಭಾಗಕ್ಕೆ ಹರ್ಷ, ಸಮಾಧಾನ ಎಂಬ ಅರ್ಥವಿದೆ. ಹಾಗಾಗಿ ಇದನ್ನು ಯುದ್ಧದಲ್ಲಿ ಹರ್ಷಿಸುವವನು ಎಂದೂ ಯೋಧರಿಗೆ ನೆಮ್ಮದಿ ತರುವವನು ಎಂದೂ ಬಿಡಿಸುತ್ತಾರೆ. ಎರಡನೆಯದೇ ನನಗೆ ಹೆಚ್ಚು ಇಷ್ಟ. ಚೆಕ್ ಜನರಲ್ಲಿ ಇದೇ ಹೆಸರು ವೊಯ್ತ್ಯೆಹ್ ಆಗುತ್ತದೆ. ಜರ್ಮನ್ನರು ಇದಕ್ಕೆ ಬದಲಾಗಿ ಅಡಾಲ್ಬರ್ಟ್ ಎನ್ನುತ್ತಾರಾದರೂ ಆ ಎರಡು ಹೆಸರುಗಳ ಮೂಲ ಬೇರೆ ಬೇರೆ. ಪ್ರಾಗ್‌ನ ಬಿಷಪ್ ಆಗಿದ್ದ ಸಂತ ವೊಯ್ತ್ಯೆಹ್, ತನಗೆ ಗುರುವಾಗಿದ್ದ ಜರ್ಮನಿಯ ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ಅಡಾಲ್ಬರ್ಟರ ಹೆಸರನ್ನು ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರದ ವೇಳೆ ಸ್ವೀಕರಿಸಿದ್ದರಿಂದ ಅವು ಜೋಡಿಯಾದವು. ಧರ್ಮಪ್ರಚಾರಕ್ಕೆಂದು ಬಾಲ್ಟಿಕ್ ತೀರದ ಪ್ರಷ್ಯನ್ನರ ನಾಡಿಗೆ ಹೋದ ಆ ಸಂತ 997ರಲ್ಲಿ ಅಲ್ಲಿಯೇ ಹತರಾದರು. ಪೋಲೆಂಡ್‌ನಲ್ಲೇ ಇರುವ ಗ್ನೀಜ್ನೋ ಪಟ್ಟಣದ ಕೆಥೆಡ್ರಲ್‌ನ ಹನ್ನೆರಡನೆಯ ಶತಮಾನದ ಕಂಚಿನ ಬಾಗಿಲುಗಳ ಮೇಲೆ ಅವರ ಜೀವನವನ್ನು 18 ದೃಶ್ಯಗಳಲ್ಲಿ ಎರಕಹೊಯ್ದಿದ್ದಾರೆ. ಬಿಡುವು ಮಾಡಿಕೊಂಡು ಅದನ್ನು ನೋಡಿ ಬನ್ನಿ.

ಕರೆಯುವ ವಿಷಯಕ್ಕೆ ಬರುತ್ತೇನೆ. ಪೋಲಿಷ್‌ನಲ್ಲಿಯೂ ಸಂಬೋಧನಾ ವಿಭಕ್ತಿ ಇದೆ. ಗೌರವದಿಂದ ಕರೆಯುವಾಗ ‘ಪಾನ್ಯೆ ವೊಯ್ಚೆಹು’ ಎನ್ನುತ್ತಾರೆ; ‘ಪಾನ್ಯೆ’ ಎಂಬುದು ‘ಶ್ರೀಯುತ’ ಎಂಬರ್ಥದ ‘ಪಾನ್’ ಪದದ ಸಂಬೋಧನಾ ರೂಪ. ತುಸು ಪರಿಚಯವಾದ ಮೇಲೆ ಗೌರವವನ್ನೂ ಸಲಿಗೆಯನ್ನೂ ಬೆರೆಸಿ ‘ಪಾನ್ಯೆ ವೊಯ್ತ್‌ಕು’ ಎನ್ನುವುದುಂಟು. ಬರಿಯ ವೊಯ್ತೆಕ್ ಗೆಳೆಯರಿಗೂ ಮನೆಯವರಿಗೂ ಸಲ್ಲುವ ರೂಪ, ವೊಯ್ತುಶ್ ಎಂಬುದು ಪುಟ್ಟ ಮಕ್ಕಳಿಗೆ. ‘ಪಾನ್’ ಎಂಬುದರ ಜೊತೆಗೆ ಮನೆತನದ ಹೆಸರನ್ನು ಸೇರಿಸಿ ಎದುರಿಗೆ ಕರೆದರೆ ಗದರಿದಂತೆ ಕೇಳಿಸುತ್ತದೆ, ದಯವಿಟ್ಟು ಹಾಗೆ ಕರೆಯಬೇಡಿ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಮೊದಲ ದಿನದಿಂದಲೇ ಏಕವಚನ ನಡೆಯುವುದು ಸಾಮಾನ್ಯವಾದ್ದರಿಂದ ಅಲ್ಲಿ ವೊಯ್ತೆಕ್ ಎಂದರೆ ಯಾರೂ ಬೇಸರಿಸುವುದಿಲ್ಲ. ಆದರೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನೆರೆಮನೆಯ ಹಿರಿಯರೊಡನೆ ಆ ಸಲಿಗೆ ಸಲ್ಲದು. ಅಲ್ಲಿ ಏಕವಚನಕ್ಕೆ ಇಳಿಯೋಣ ಎಂದು ಮೊದಲು ಹೇಳುವ ಹಕ್ಕು ಹಿರಿಯರದು, ನೀವು ಕಾಯಬೇಕು.

ಇಲ್ಲಿ ಹಲವರು, ಅದರಲ್ಲೂ ಹಿರಿಯರು, ಹುಟ್ಟುಹಬ್ಬದಷ್ಟೇ ಅಕ್ಕರೆಯಿಂದ ಹೆಸರಿನ ದಿನವನ್ನು, ಅಂದರೆ ತಮ್ಮ ಹೆಸರಿನ ಸಂತನ ಸ್ಮರಣೆಯ ದಿನವನ್ನು, ಆಚರಿಸುತ್ತಾರೆ. ವೊಯ್ಚೆಹ್ ಹೆಸರಿನವರಿಗೆ ಅದು ಆ ಸಂತ ಹತರಾದ ಏಪ್ರಿಲ್ 23. ಅಂದು ನಿಮ್ಮ ಮೇಲಧಿಕಾರಿ ಕಚೇರಿಗೆ ಕೇಕ್ ತಂದರೆ, ಒಂದು ತುಂಡು ತೆಗೆದುಕೊಂಡು, ಕೈಕುಲುಕಿ ‘ವ್ಶಿಸ್ತ್‌ಕ್ಯೆಗೊ ನಾಯ್‌ಲೆಪ್ಶೆಗೊ’ (ಎಲ್ಲ ಒಳ್ಳೆಯದಾಗಲಿ) ಎಂದು ಹಾರೈಸಿ.