ತೋಟದ ಮರ, ಒಣ ಹೊಲದ ಬಿಸಿಲು, ಹಳ್ಳದ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಇಪ್ಪತ್ತು ಎಕರೆ ಕಾಫಿ ತೋಟ. ಅಜ್ಜನ ಕಾಲದ ನಂದಿ, ಮತ್ತಿ, ಹಲಸು, ಅತ್ತಿ ಮರಗಳು ಈಗಲೂ ನೆರಳು ಕೊಡುತ್ತಿವೆ. ಇತ್ತೀಚೆಗೆ ಕಂಪನಿಯೊಂದರ ಕಡೆಯವರು ಬಂದು, ಈ ಮರಗಳು ಹಿಡಿದಿಟ್ಟಿರುವ ಇಂಗಾಲಕ್ಕೆ ಹಣ ಕೊಡಿಸುತ್ತೇವೆ, ನಲವತ್ತು ವರ್ಷದ ಕರಾರಿಗೆ ಸಹಿ ಹಾಕಿ ಎನ್ನುತ್ತಿದ್ದಾರೆ. ಸಹಿ ಹಾಕಬಹುದೇ?

ಉತ್ತರ: ಅವಸರದಲ್ಲಿ ಹಾಕಬೇಡಿ. ಮೊದಲು ಒಂದು ಮರದ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ಆಮೇಲೆ ಇಡೀ ಕರಾರು ತಾನಾಗಿ ಅರ್ಥವಾಗುತ್ತದೆ.

ಕಳೆದ ತಿಂಗಳು ಮೂಡಿಗೆರೆ ಸಮೀಪದ ಸ್ನೇಹಿತರ ತೋಟದಲ್ಲಿ ನಾವಿಬ್ಬರೂ ಟೇಪು ಹಿಡಿದು ಒಂದು ನಂದಿ ಮರವನ್ನು ಅಳೆದೆವು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆ ತೆಗೆದುಕೊಳ್ಳುವುದು ವಾಡಿಕೆ. ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ್ದರಿಂದ ಬಳ್ಳಿಯನ್ನು ಮೆಲ್ಲಗೆ ಸರಿಸಿ, ಅದರ ಅಡಿಯಲ್ಲಿ ಟೇಪು ತೂರಿಸಬೇಕಾಯಿತು. ಬಳ್ಳಿಯ ಮೇಲೆಯೇ ಸುತ್ತಿದ್ದರೆ ಮರ ಇಲ್ಲದ ದಪ್ಪವನ್ನು ತೋರಿಸುತ್ತಿತ್ತು. ಸುತ್ತಳತೆ 157 ಸೆಂಟಿಮೀಟರ್ ಬಂತು, ಅಂದರೆ ಅಡ್ಡಳತೆ 50 ಸೆಂಟಿಮೀಟರ್. ಎತ್ತರ ಅಂದಾಜು 18 ಮೀಟರ್. ಉಷ್ಣವಲಯದ ಮರಗಳಿಗೆ ವಿಜ್ಞಾನಿಗಳು ಬಳಸುವ ಸೂತ್ರಕ್ಕೆ ಇವುಗಳನ್ನೂ ಮರದ ಸಾಂದ್ರತೆಯನ್ನೂ ಹಾಕಿದರೆ, ನೆಲದ ಮೇಲಿನ ಭಾಗದ ಒಣತೂಕ ಸುಮಾರು 1,400 ಕಿಲೋ ಆಗುತ್ತದೆ. ಒಣತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಇಂಗಾಲ. ಅದು ಇಲ್ಲಿ ಸುಮಾರು 670 ಕಿಲೋ. ಒಂದು ಕಿಲೋ ಇಂಗಾಲ ಗಾಳಿಗೆ ಸೇರಿದರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುವುದರಿಂದ, ಆ ಮರ ತನ್ನ ಇಡೀ ಆಯುಷ್ಯದಲ್ಲಿ ಗಾಳಿಯಿಂದ ಹೀರಿ ಇಟ್ಟುಕೊಂಡಿರುವುದು ಹತ್ತಿರ ಹತ್ತಿರ ಎರಡೂವರೆ ಟನ್. ಬೇರಿನಲ್ಲಿರುವುದು ಇದರ ಕಾಲು ಭಾಗದಷ್ಟು ಎಂದು ಸೇರಿಸಿಕೊಳ್ಳಬಹುದು.

ಈಗ ಟನ್ನಿಗೆ ₹800 ಸಿಗುತ್ತದೆ ಎಂದು ಇಟ್ಟುಕೊಳ್ಳೋಣ. ತಬ್ಬಿದರೆ ತೋಳು ತುಂಬುವಷ್ಟು ದಪ್ಪದ ಮರಕ್ಕೆ, ಬೇರನ್ನು ಬಿಟ್ಟರೆ, ₹2,000. ಅದೂ ವರ್ಷಕ್ಕಲ್ಲ, ಒಂದೇ ಸಲ. ಅದೇ ಮರವನ್ನು ಅನುಮತಿ ಪಡೆದು ಮರದ ವ್ಯಾಪಾರಿಗೆ ಕೊಟ್ಟರೆ ಇದರ ಹಲವು ಪಟ್ಟು ಬರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ಆ ₹2,000 ಕೂಡ ನಿಮಗೆ ಸಿಗುವುದು ಅನುಮಾನ. ಕಾರ್ಬನ್ ಕ್ರೆಡಿಟ್ ಎಂದರೆ ಒಂದು ಟನ್ ಡೈಆಕ್ಸೈಡ್ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪತ್ರ. ಅದನ್ನು ಕೊಳ್ಳುವವನು ಮೊದಲು ಕೇಳುವ ಪ್ರಶ್ನೆ, ನಾನು ಹಣ ಕೊಡದಿದ್ದರೂ ಈ ಮರ ಇರುತ್ತಿತ್ತಲ್ಲವೇ ಎಂಬುದು. ಹಣದ ಕಾರಣದಿಂದಲೇ ಹೆಚ್ಚಾದ ಇಂಗಾಲಕ್ಕೆ ಮಾತ್ರ ಬೆಲೆ ಎಂಬುದು ಈ ಮಾರುಕಟ್ಟೆಯ ತಳಹದಿ. ನಿಮ್ಮ ಅಜ್ಜ ಉಳಿಸಿದ, ನಿಮ್ಮ ತಂದೆ ಪ್ರತಿ ವರ್ಷ ಮರಗಸಿ ಮಾಡಿಸಿ, ಅಂದರೆ ಕೊಂಬೆ ಸವರಿಸಿ, ಕಾಪಾಡಿದ ಮರ ಆ ಲೆಕ್ಕದ ಹೊರಗೇ ನಿಲ್ಲುತ್ತದೆ. ಇದು ನನಗೆ ನೋವಿನ ಸಂಗತಿ: ಬೋಳು ಮಾಡಿಕೊಂಡವನು ಹೊಸದಾಗಿ ನೆಟ್ಟರೆ ಅವನಿಗೆ ಹಣ, ಕಾಪಾಡಿಕೊಂಡು ಬಂದವನಿಗೆ ಏನೂ ಇಲ್ಲ. ಹಾಗೆಂದು ನಿಯಮವನ್ನು ಸಡಿಲಿಸಿದರೆ, ಎಲ್ಲೋ ಒಂದು ಕಾರ್ಖಾನೆ ನಿಮ್ಮ ಹಳೆಯ ಮರವನ್ನು ತೋರಿಸಿ ಹೊಸ ಹೊಗೆ ಬಿಡುತ್ತದೆ. ಗಾಳಿಗೆ ಅದರಿಂದ ಲಾಭವಿಲ್ಲ.

ತೋಟದ ಅಂಚಿನಲ್ಲಿ ಮೂರು ಎಕರೆ ಖಾಲಿ ಇದ್ದು ಅಲ್ಲಿ ಕಾಡುಜಾತಿಯ ಗಿಡ ನೆಟ್ಟಿರಿ ಎನ್ನಿ. ಹೆಕ್ಟೇರಿಗೆ ವರ್ಷಕ್ಕೆ ಎಂಟು ಟನ್ ಡೈಆಕ್ಸೈಡ್ ಹೀರುತ್ತದೆ ಎಂದು ಹಿಡಿದರೆ ಮೂರು ಎಕರೆಗೆ ಸುಮಾರು ಹತ್ತು ಟನ್, ಅಂದರೆ ವರ್ಷಕ್ಕೆ ₹8,000. ಅದರಲ್ಲಿ ಅಳತೆಯ ಖರ್ಚು, ತಪಾಸಣೆಯ ಖರ್ಚು, ಕಂಪನಿಯ ಪಾಲು ಕಳೆಯಬೇಕು. ಏನೂ ಕಳೆಯದಿದ್ದರೂ, ಕಿಲೋಗೆ ₹600ರಂತೆ ಹಿಡಿದರೆ ಅದು ಹದಿಮೂರು ಕಿಲೋ ಕಾಳುಮೆಣಸಿನ ಹಣ.

ಇಷ್ಟು ಹಣಕ್ಕೆ ನಲವತ್ತು ವರ್ಷ ಜಮೀನಿನ ಮೇಲೆ ಇನ್ನೊಬ್ಬರ ಹಕ್ಕು ಕೂರಿಸಿಕೊಳ್ಳಬೇಕೇ? ಕರಾರುಪತ್ರದಲ್ಲಿ ಇವನ್ನು ಹುಡುಕಿ ಓದಿ: ಮಾರಾಟದ ಬೆಲೆ ನಿಮಗೆ ತಿಳಿಯುತ್ತದೆಯೇ, ನಿಮ್ಮ ಪಾಲು ಒಟ್ಟು ಹಣದ ಮೇಲೋ ಖರ್ಚು ಕಳೆದು ಉಳಿದದ್ದರ ಮೇಲೋ, ಮಕ್ಕಳಿಗೆ ಭಾಗ ಮಾಡುವಾಗ ಅಥವಾ ಬ್ಯಾಂಕಿನಲ್ಲಿ ಅಡಮಾನ ಇಡುವಾಗ ಯಾರ ಒಪ್ಪಿಗೆ ಬೇಕು, ಮಳೆಗಾಲದಲ್ಲಿ ಮರ ಉರುಳಿದರೆ ನಷ್ಟ ಯಾರ ತಲೆಗೆ. ಕೊನೆಯದು ಕಾಗದದ ಮೇಲಿನ ಭಯವಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ತೋಟಕ್ಕೆ ತೋಟವೇ ಜಾರಿ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೆಲೆಯ ವಿಷಯದಲ್ಲೂ ಎಚ್ಚರ ಬೇಕು: ಹವಾಮಾನ ಕುರಿತ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದದ ಕ್ರೆಡಿಟ್‌ಗಳು 2008ರಲ್ಲಿ ಟನ್ನಿಗೆ ಸುಮಾರು 20 ಯೂರೋಗೆ ಹೋಗಿದ್ದವು, 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿದವು. ಅಂಥ ಮಾರುಕಟ್ಟೆಯನ್ನು ನಂಬಿ ನಲವತ್ತು ವರ್ಷದ ಮಾತು ಕೊಡುವುದು ಬೆಳೆಗಾರನಿಗೆ ಸಲ್ಲದು.

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತನ್ನೂ ಹೇಳಬೇಕು. ನಮ್ಮ ತೋಟಗಳಲ್ಲಿ ಕಾಡುಮರ ಕಡಿಮೆಯಾಗಿ ಸಿಲ್ವರ್ ಓಕ್ ಹೆಚ್ಚುತ್ತಿರುವುದಕ್ಕೆ ಬೆಳೆಗಾರರ ಅಜ್ಞಾನ ಕಾರಣವಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಅದೇ ಒಂದು ಬೀಟೆ ಮರ ತಾನಾಗಿ ಹುಟ್ಟಿದರೆ ಮುಂದೆ ಅದು ತನ್ನದಲ್ಲ ಎಂಬ ಭಯದಿಂದ ಸಸಿಯಲ್ಲೇ ಕಿತ್ತುಹಾಕುವವರಿದ್ದಾರೆ. ಮರ ಇಟ್ಟುಕೊಂಡವನಿಗೆ ಹೊರೆ, ತೆಗೆದವನಿಗೆ ಹಗುರ ಎಂಬ ಈ ಏರ್ಪಾಡು ಬದಲಾಗದೆ ಕಾರ್ಬನ್ ಕ್ರೆಡಿಟ್ ಒಂದೇ ಏನೂ ಮಾಡಲಾರದು. ಕಾಡುಮರದ ನೆರಳಿನ ಕಾಫಿಗೆ ಕೊಳ್ಳುವವರು ಕೊಡುವ ಹೆಚ್ಚಿನ ಬೆಲೆ, ಟನ್ನಿನ ಲೆಕ್ಕಕ್ಕಿಂತ ನಿಮಗೆ ಹತ್ತಿರದ ದಾರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಅರಸೀಕೆರೆ ಕಡೆ ನಮ್ಮ ಆರು ಎಕರೆ ತೆಂಗು ನೀರಿಲ್ಲದೆ ಒಣಗಿದೆ. ಸೋಲಾರ್ ಕಂಪನಿಗೆ ಗುತ್ತಿಗೆ ಕೊಡುವುದು ಮೇಲೋ, ಮರ ಬೆಳೆಸುವುದು ಮೇಲೋ? ಪರಿಸರಕ್ಕೆ ಯಾವುದು ಒಳ್ಳೆಯದು?

ಉತ್ತರ: ಒಣ ಹೊಲದ ಮಟ್ಟಿಗೆ ಹೇಳುವುದಾದರೆ ಬಿಸಿಲೇ ಮುಂದು, ಅದೂ ಬಹಳ ಮುಂದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಮೆಗಾವ್ಯಾಟಿಗೆ ಆರು ಎಕರೆಗಿಂತ ಸ್ವಲ್ಪ ಹೆಚ್ಚು. ನಿಮ್ಮ ಆರು ಎಕರೆಯಲ್ಲಿ ಒಂದು ಮೆಗಾವ್ಯಾಟ್ ಎಂದರೆ ವರ್ಷಕ್ಕೆ ಹದಿನಾರು, ಹದಿನೇಳು ಲಕ್ಷ ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋದಷ್ಟು ಡೈಆಕ್ಸೈಡ್ ಹೊರಬರುವುದರಿಂದ, ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಹೊಗೆ ತಪ್ಪುತ್ತದೆ. ಅದೇ ಜಾಗದಲ್ಲಿ ಗಿಡ ಚೆನ್ನಾಗಿ ಬಂದರೂ ಹೀರುವುದು ಇಪ್ಪತ್ತು ಟನ್ನಿನ ಆಸುಪಾಸು. ನೀರಿಲ್ಲದ ಜಾಗದಲ್ಲಿ ಅದೂ ಕಷ್ಟ.

ಹಣದ ವಿಷಯಕ್ಕೆ ಬಂದರೆ, ಪಾವಗಡದಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ ₹21,000ದಿಂದ ಗುತ್ತಿಗೆ ಆರಂಭವಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ ಎಂಬ ಕರಾರಿನೊಂದಿಗೆ. ಇದನ್ನು ಯೂನಿಟ್ಟಿಗೆ ಹಂಚಿ ನೋಡಿ: ಮೆಗಾವ್ಯಾಟಿಗೆ ಸುಮಾರು ₹1.3 ಲಕ್ಷ ಗುತ್ತಿಗೆ, ಹದಿನಾರು ಲಕ್ಷ ಯೂನಿಟ್. ಒಂದು ಯೂನಿಟ್ಟಿಗೆ ಬಿದ್ದ ನೆಲದ ಬಾಡಿಗೆ ಎಂಟು ಪೈಸೆ. 2010ರ ಹರಾಜಿನಲ್ಲಿ ಅತಿ ಕಡಿಮೆ ದರವೆಂದರೆ ₹10.95 ಇದ್ದ ಸೌರ ವಿದ್ಯುತ್ತು, 2020ರಲ್ಲಿ ₹1.99ಕ್ಕೆ ಇಳಿದ ಮೇಲೂ ನೆಲದ ಪಾಲು ಇಷ್ಟು ಚಿಕ್ಕದಾಗಿಯೇ ಇದೆ. ಆದ್ದರಿಂದ ಕಂಪನಿಯವರು ಎಕರೆಗೆ ಸಾವಿರ ರೂಪಾಯಿ ಹೆಚ್ಚಿಸಿದರೂ ನಮಗೆ ನಷ್ಟ ಎಂದರೆ ನಂಬಬೇಡಿ. ಅದು ಯೂನಿಟ್ಟಿಗೆ ಅರ್ಧ ಪೈಸೆಯ ಮಾತೂ ಅಲ್ಲ. ಅಕ್ಕಪಕ್ಕದ ಹೊಲದವರೆಲ್ಲ ಸೇರಿ ಒಟ್ಟಾಗಿ ಕೇಳಿ, ಏರಿಕೆಯ ಷರತ್ತನ್ನು ಬಿಡಬೇಡಿ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆದು ಹೊಲವನ್ನು ಮೊದಲಿನಂತೆ ಮಾಡಿಕೊಡುವುದು ಯಾರ ಹೊಣೆ ಎಂಬುದನ್ನು ಬರೆಸಿ. ನಿಮ್ಮ ತೋಟದಲ್ಲಿ ಕಾಯಿ ಕೀಳಲು, ಸುಲಿಯಲು ಬರುತ್ತಿದ್ದವರ ಬಗ್ಗೆಯೂ ಯೋಚಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಪಾವಗಡದಲ್ಲಿ ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು, ಆ ಜಮೀನಿನ ಕೂಲಿಯನ್ನೇ ನಂಬಿದ್ದವರಿಗೆ ಕೆಲಸ ಹೋಯಿತು.

ಪ್ರಶ್ನೆ: ನಾವಿರುವುದು ಹಾಸನ ನಗರದಲ್ಲಿ. ಛಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಹಾಕಿದ ಹಣ ವಾಪಸು ಬರುತ್ತದೆಯೇ?

ಉತ್ತರ: ನಿಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ ಹಣದ ದೃಷ್ಟಿಯಿಂದ ಬೇಡ, ಉಳಿಸುವುದಕ್ಕೆ ಬಿಲ್ಲೇ ಇಲ್ಲ. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದರೆ ಖಂಡಿತ ಹಾಕಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ₹78,000 ಸಹಾಯಧನವಿದೆ. ಒಟ್ಟು ವೆಚ್ಚ ₹1.9 ಲಕ್ಷ ಎಂದು ಹಿಡಿದರೆ ನಿಮ್ಮ ಕೈಯಿಂದ ₹1.12 ಲಕ್ಷ. ಮಳೆಗಾಲದ ಮೋಡವನ್ನು ಲೆಕ್ಕಕ್ಕೆ ತೆಗೆದುಕೊಂಡು ವರ್ಷಕ್ಕೆ 3,600 ಯೂನಿಟ್, ಯೂನಿಟ್ಟಿಗೆ ಸುಮಾರು ₹6 ಎಂದರೆ ₹21,600 ಉಳಿತಾಯ. ಐದಾರು ವರ್ಷದಲ್ಲಿ ಹಣ ವಾಪಸು.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಜಲವಿದ್ಯುತ್ತು ಕೂಡ ನವೀಕರಿಸಬಹುದಾದ ಶಕ್ತಿಯೇ. ಹಾಗಿದ್ದರೂ ಘಟ್ಟದ ಹಳ್ಳಗಳಲ್ಲಿ ಕಿರು ಜಲವಿದ್ಯುತ್ ಯೋಜನೆ ಎಂದರೆ ಪರಿಸರದವರು ವಿರೋಧಿಸುತ್ತಾರೆ. ಇದು ವಿರೋಧಾಭಾಸವಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಕಾಡು ಮತ್ತು ವಿದ್ಯುತ್ತನ್ನು ಒಂದೇ ತಕ್ಕಡಿಯಲ್ಲಿ ಹಾಕಿದಾಗ ಹೀಗೆ ಕಾಣುತ್ತದೆ. ಅರಸೀಕೆರೆಯ ಓದುಗರಿಗೆ ಹೇಳಿದ ಉತ್ತರದಲ್ಲಿ ಸೌರ ವಿದ್ಯುತ್ತು ಗೆದ್ದದ್ದು ಅಲ್ಲಿ ಕಳೆದುಕೊಳ್ಳುವ ಇಂಗಾಲ ಇಲ್ಲದ ಕಾರಣ. ಘಟ್ಟದ ಕಾಡು ಹಾಗಲ್ಲ. ಅದು ನೂರಾರು ವರ್ಷ ಕೂಡಿಟ್ಟ ಗಂಟು. ವಿದ್ಯುತ್ತು ಪ್ರತಿ ವರ್ಷದ ಖರ್ಚನ್ನು ತಗ್ಗಿಸುತ್ತದೆ, ಕಾಡು ಗಂಟನ್ನು ಕಾಯುತ್ತದೆ. ಖರ್ಚು ತಗ್ಗಿಸುತ್ತೇನೆಂದು ಗಂಟನ್ನು ಒಡೆಯುವ ಮನೆಯನ್ನು ನಾವು ಜಾಣ ಸಂಸಾರ ಎನ್ನುವುದಿಲ್ಲ.

ನಿತ್ಯಹರಿದ್ವರ್ಣ ಕಾಡಿನ ಮರಗಳಲ್ಲಿ ಹೆಕ್ಟೇರಿಗೆ 150 ಟನ್ ಇಂಗಾಲ ಎಂದು ಲೆಕ್ಕ ಹಾಕಿದರೆ ಅದು 550 ಟನ್ ಡೈಆಕ್ಸೈಡ್, ಮಣ್ಣಿನಲ್ಲಿರುವುದು ಬೇರೆ. ಅರಣ್ಯಭೂಮಿಯನ್ನು ಬೇರೆ ಉಪಯೋಗಕ್ಕೆ ಪಡೆಯುವವರು ನಿವ್ವಳ ಪ್ರಸ್ತುತ ಮೌಲ್ಯ ಎಂಬ ಹೆಸರಿನಲ್ಲಿ ಹಣ ಕಟ್ಟಬೇಕೆಂಬ ನಿಯಮ ಸುಪ್ರೀಂ ಕೋರ್ಟಿನ ಆದೇಶದಿಂದ ಬಂದಿದೆ. 2022ರ ಪರಿಷ್ಕರಣೆಯ ನಂತರ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಹೊರಗೆ, ಅದರ ಗರಿಷ್ಠ ದರ ಹೆಕ್ಟೇರಿಗೆ ಸುಮಾರು ₹15.96 ಲಕ್ಷ. ಮರ, ಮಣ್ಣು, ನೀರು, ಜೀವಿಗಳು ಎಲ್ಲ ಸೇರಿದ ಬೆಲೆ ಇದು. ಒಂದು ಎಕರೆಗೆ ಆರೂವರೆ ಲಕ್ಷ ಎಂದಾಯಿತು. ಆ ಹಣಕ್ಕೆ ಘಟ್ಟದ ಕೆಳಗಾಗಲಿ ಮೇಲಾಗಲಿ ಒಳ್ಳೆಯ ತೋಟ ಕೊಡುವವರು ಸಿಗುವುದು ಕಷ್ಟ. ಬೆಲೆ ಇಷ್ಟು ಕಡಿಮೆ ಇರುವುದರಿಂದಲೇ ಯೋಜನೆಗಳು ಕಾಗದದ ಮೇಲೆ ಲಾಭದಲ್ಲಿ ಕಾಣುತ್ತವೆ. ಹಾಸನ ಮತ್ತು ದಕ್ಷಿಣ ಕನ್ನಡದ ಗಡಿಯ ಗುಂಡ್ಯ ಜಲವಿದ್ಯುತ್ ಯೋಜನೆ ಕಿರಿದಲ್ಲ, 200 ಮೆಗಾವ್ಯಾಟಿನದು. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ತಜ್ಞರ ಸಮಿತಿ ಸ್ಥಳಕ್ಕೆ ಬಂದು ನೋಡಿ, 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು.

ಇನ್ನೊಂದು ವಿಷಯವನ್ನು ನೀವು ನಿಮ್ಮೂರಿನಲ್ಲೇ ನೋಡಬಹುದು. ಅಣೆಕಟ್ಟಿನಲ್ಲಿ ನೀರು ನಿಲ್ಲಿಸದೆ ಹರಿವಿನಲ್ಲೇ ಚಕ್ರ ತಿರುಗಿಸುವ ಕಿರು ಯೋಜನೆ ಜೂನ್‌ನಿಂದ ನವೆಂಬರ್‌ವರೆಗೆ ಚೆನ್ನಾಗಿ ವಿದ್ಯುತ್ತು ಕೊಡುತ್ತದೆ. ನಮಗೆ ವಿದ್ಯುತ್ತು ಬೇಕೇಬೇಕು ಎನ್ನುವ ಕಾಲ ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೋಬಸ್ಟಾ ಕಾಫಿ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ತಿರುಗುತ್ತವೆ, ಬಯಲುಸೀಮೆಯ ಪಂಪ್‌ಸೆಟ್ಟುಗಳೂ ಆಗಲೇ ಓಡುತ್ತವೆ, ಆಗ ಆ ಹಳ್ಳಗಳಲ್ಲಿ ಕಲ್ಲಿನ ಸಂದಿಯಲ್ಲಿ ಮಾತ್ರ ನೀರು ಇಳಿಯುತ್ತಿರುತ್ತದೆ. ಆ ತಿಂಗಳುಗಳ ಹಗಲಿನಲ್ಲಿ ಒಣ ಬಯಲಿನ ಬಿಸಿಲು ತುಂಬು ಕೈಯಲ್ಲಿ ಕೊಡುತ್ತದೆ. ಸಂಜೆಯ ಬೇಡಿಕೆಗೆ ಲಿಂಗನಮಕ್ಕಿಯಂಥ, ಆಗಲೇ ಕಟ್ಟಿ ಆಗಿರುವ ಅಣೆಕಟ್ಟುಗಳ ನೀರನ್ನು ಹಗಲು ಉಳಿಸಿಕೊಂಡು ಬಿಡಬಹುದು. ಆದ್ದರಿಂದ ನಿಮ್ಮ ತಾಲ್ಲೂಕಿನಲ್ಲಿ ಇಂಥ ಯೋಜನೆಯ ಸಾರ್ವಜನಿಕ ಸಭೆ ನಡೆದರೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಕೇಳಿ ಸುಮ್ಮನಾಗಬೇಡಿ. ತಿಂಗಳುವಾರು ಉತ್ಪಾದನೆಯ ಪಟ್ಟಿ ಕೊಡಿ ಎನ್ನಿ, ಅದರಲ್ಲಿ ಮಾರ್ಚ್ ತಿಂಗಳ ಸಾಲಿನಲ್ಲಿ ಏನು ಬರೆದಿದ್ದಾರೆಂದು ನೋಡಿ, ಆ ಸಾಲಿನ ಯೂನಿಟ್ಟುಗಳಿಗೆ ಎಷ್ಟು ಹೆಕ್ಟೇರ್ ಕಾಡು ಹೋಗುತ್ತದೆ ಎಂದು ಮುಂದಿನ ಪ್ರಶ್ನೆ ಕೇಳಿ.