ಹೊಗಳಿಕೆಗೆ ತಕ್ಕ ಆಟಗಳು, ಹೆಸರಿಗೆ ಮಾತ್ರ ದೊಡ್ಡವು

“ಇಂಡೀ ಆಟ, ಸಾಹಸ ಆಟ ಎಂದು ಎಲ್ಲರೂ ಹೊಗಳುತ್ತಾರಲ್ಲ, ಅವುಗಳಲ್ಲಿ ದುಡ್ಡು ಕೊಟ್ಟು ಆಡಲು ಯೋಗ್ಯವಾದವು ಯಾವುವು, ಸುಮ್ಮನೆ ಹೆಸರು ಮಾಡಿದವು ಯಾವುವು? ಮುಲಾಜಿಲ್ಲದೆ ಹೇಳಿ” ಎಂದು ಕೇಳಿದ್ದೀರಿ. ಇಂಡೀ ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ವಿಡಿಯೊ ಗೇಮ್; ಸಾಹಸ ಆಟವೆಂದರೆ ಕಥೆಯೊಳಗೆ ಓಡಾಡಿ ಒಗಟು ಬಿಡಿಸುವಂಥದು. ಹೇಳುತ್ತೇನೆ, ನಿಮ್ಮ ಮೆಚ್ಚಿನ ಆಟಕ್ಕೆ ಪೆಟ್ಟು ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ಹಳೆಯ ಲ್ಯಾಪ್‌ಟಾಪ್. ಆಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟರಲ್ಲಿ ಚೆಂದದ ಸೂರ್ಯಾಸ್ತ ತೋರಿಸಿ, ನಡುನಡುವೆ ಒಂದು ಗುಂಡಿ ಒತ್ತಿಸಿ, ಕಥೆ ಹೇಳಿದೆನೆಂದು ಬೀಗುವ ಆಟಗಳ ಮೇಲೆ ನನಗೆ ಸಿಟ್ಟು. ಬರಿಯ ಕಥೆ ಬೇಕೆಂದರೆ ಓದದೆ ಉಳಿದ ಕಾದಂಬರಿಗಳು ಕಪಾಟಿನಲ್ಲಿ ಧೂಳು ಹಿಡಿದು ಕೂತಿವೆ. ಆಟ ನನ್ನ ಕೈಗೋ ತಲೆಗೋ ಕೆಲಸ ಕೊಡಬೇಕು, ಕಥೆ ಆ ಕೆಲಸದೊಳಗೇ ಇರಬೇಕು.

ಹೀಗೆ ನೋಡಿದರೆ ಮೊದಲ ಮಣೆ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ಗೆ. 2018ರಲ್ಲಿ ಬಂದದ್ದು, ಲೂಕಸ್ ಪೋಪ್ ಬಹುಮಟ್ಟಿಗೆ ಒಬ್ಬರೇ ಕೂತು ಮಾಡಿದ್ದು. 1807ನೇ ಇಸವಿ. ಕಾಣೆಯಾಗಿದ್ದ ಹಡಗೊಂದು ಜೀವಂತ ಮನುಷ್ಯರಿಲ್ಲದೆ ಬಂದರಿಗೆ ತೇಲಿಬಂದಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕರು. ಹಡಗಿನಲ್ಲಿದ್ದ 60 ಮಂದಿಯಲ್ಲಿ ಯಾರ ಗತಿ ಏನಾಯಿತು ಎಂದು ಪುಸ್ತಕದಲ್ಲಿ ತುಂಬಬೇಕು. ಹೆಣದ ಹತ್ತಿರ ನಿಂತು ಜೇಬುಗಡಿಯಾರ ತೆರೆದರೆ ಸಾವಿಗೆ ಮುಂಚಿನ ನಾಲ್ಕು ಮಾತು ಕೇಳಿಸುತ್ತವೆ, ಆಮೇಲೆ ಸತ್ತ ಕ್ಷಣ ಹೆಪ್ಪುಗಟ್ಟಿದ ಚಿತ್ರವಾಗಿ ಸುತ್ತ ನಿಲ್ಲುತ್ತದೆ. ಅದರೊಳಗೆ ಓಡಾಡಿ ನೋಡಬೇಕು. ಮೂವರ ಹೆಸರು, ಗತಿ ಎರಡೂ ಸರಿಯಾದಾಗ ಮಾತ್ರ ಪುಸ್ತಕ ಒಪ್ಪಿಕೊಳ್ಳುತ್ತದೆ. ಕಣ್ಣುಮುಚ್ಚಿ ಊಹಿಸಿದರೆ ನಡೆಯುವುದಿಲ್ಲ. ಕೆಲವು ನಾವಿಕರ ಹೆಸರಿಗಾಗಿ ನಾಲ್ಕು ರಾತ್ರಿ ತಡಕಾಡಿದೆ. ಐದನೆಯ ರಾತ್ರಿ ಕಣ್ಣಿಗೆ ಬಿತ್ತು: ಅವರು ಮಲಗುವ ಜೋಲಿಗಳಿಗೆ ಒಂದೊಂದು ಸಂಖ್ಯೆ ಇದೆ, ಸಿಬ್ಬಂದಿಯ ಪಟ್ಟಿಯಲ್ಲೂ ಅದೇ ಸಂಖ್ಯೆ ಇದೆ. ಜೋಲಿಯಿಂದ ಹೊರಚಾಚಿದ ಪಾದಗಳನ್ನು ನೋಡಿಟ್ಟುಕೊಂಡು, ಅಂಥದೇ ಪಾದದವನನ್ನು ಬೇರೆ ಚಿತ್ರಗಳಲ್ಲಿ ಹುಡುಕುತ್ತ ಹೋದೆ. ಯಾರೂ ಬಾಣದ ಗುರುತು ಹಾಕಿ ತೋರಿಸಿರಲಿಲ್ಲ. ರಾತ್ರಿ ಒಂದು ಗಂಟೆಗೆ ಕೂತಲ್ಲಿ ಕೂರಲಾಗದೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. (ಸುಳಿವು ಬಿಟ್ಟುಕೊಟ್ಟದ್ದಕ್ಕೆ ಕ್ಷಮಿಸಿ. ಇಂಥವು ಇನ್ನೂ ಬಹಳ ಇವೆ.)

‘ಔಟರ್ ವೈಲ್ಡ್ಸ್’ (2019) ಎರಡನೆಯದು, ಬಾಹ್ಯಾಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುತ್ತ ಹುಡುಕಾಡುವ ಆಟ. ಇದರ ಅಭಿಮಾನಿಗಳು ಏನು ಕೇಳಿದರೂ ಬಾಯಿ ಬಿಡುವುದಿಲ್ಲ; ಇಷ್ಟಂತೂ ಹೇಳಬಹುದು. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ನೀವು ಮತ್ತೆ ಬೆಂಕಿಯ ಪಕ್ಕದಲ್ಲಿ ಕಣ್ಣು ಬಿಡುತ್ತೀರಿ. ಆಯುಧ ಸಿಗದು, ಶಕ್ತಿ ಹೆಚ್ಚದು. ಸುತ್ತಿನಿಂದ ಸುತ್ತಿಗೆ ನಿಮ್ಮ ಜೊತೆ ಬರುವುದು ತಿಳಿದುಕೊಂಡದ್ದು ಒಂದೇ. ಒಂದು ಗ್ರಹದ ಮರಳು ಪಕ್ಕದ ಗ್ರಹಕ್ಕೆ ಸುರಿಯುತ್ತಲೇ ಇರುತ್ತದೆ, ಹಾಗಾಗಿ ಯಾವ ಗುಹೆಗೆ ಯಾವ ನಿಮಿಷಕ್ಕೆ ಹೋಗಬೇಕೆಂಬುದೇ ಬೀಗದ ಕೈ. ದೂರೂ ಇದೆ. ಮಂಜಿನಲ್ಲಿ ಬಾಯಿ ತೆರೆದು ಕಾಯುವ ದೈತ್ಯ ಮೀನುಗಳ ಜಾಗದಲ್ಲಿ ಸತ್ತಾಗಲೆಲ್ಲ ಮತ್ತೆ ಅಷ್ಟು ದೂರ ಹಾರಿಕೊಂಡು ಬರಬೇಕು. ಮೊದಲ ಸಲ ಬೆವರಿದೆ. ಆರನೆಯ ಸಲಕ್ಕೆ ಭಯ ಹೋಗಿ ಬೇಸರವಷ್ಟೇ ಉಳಿದಿತ್ತು.

‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ (2017) ನಡೆಯುತ್ತ, ಕೇಳುತ್ತ ಹೋಗುವ ಆಟ, ನನ್ನ ಜಾಯಮಾನಕ್ಕೆ ಒಗ್ಗದ್ದು. ಆದರೆ ಅದರ ಮೀನು ಕಾರ್ಖಾನೆಯ ಒಂದು ದೃಶ್ಯಕ್ಕೆ ನಾನು ಸೋತೆ. ಒಂದು ಕೈಯಲ್ಲಿ ಮೀನನ್ನು ಎಳೆದು, ಕತ್ತಿಗೆ ಕೊಟ್ಟು, ಆಚೆ ಎಸೆಯುತ್ತಿರಬೇಕು. ಇನ್ನೊಂದು ಕೈಯಲ್ಲಿ ಆ ಕೆಲಸಗಾರನ ಹಗಲುಗನಸಿನ ರಾಜ್ಯದೊಳಗೆ ಅವನನ್ನು ನಡೆಸುತ್ತಿರಬೇಕು. ಕನಸು ಹಿಗ್ಗಿ ಹಿಗ್ಗಿ ಪರದೆಯನ್ನೆಲ್ಲ ತುಂಬುತ್ತದೆ, ಮೀನಿನ ಕೆಲಸ ಮಾತ್ರ ನಿಲ್ಲುವುದಿಲ್ಲ. ಒಂದು ಹಂತದಲ್ಲಿ ನನ್ನ ಕೈ ಮೀನು ಕತ್ತರಿಸುತ್ತಿದೆ ಎಂಬುದೇ ನನಗೆ ಮರೆತುಹೋಗಿತ್ತು. ಉಳಿದ ಭಾಗ ಸುಮಾರು.

‘ಫೈರ್‌ವಾಚ್’ (2016): 1989ರ ಬೇಸಿಗೆ, ಅಮೆರಿಕದ ವಯೋಮಿಂಗ್ ಕಾಡು, ಕಾಳ್ಗಿಚ್ಚು ಕಾಯುವ ಗೋಪುರದಲ್ಲಿ ಹೆನ್ರಿ, ವಾಕಿಟಾಕಿಯ ಆ ತುದಿಯಲ್ಲಿ ಡಿಲೈಲಾ. ಅವಳು ಏನೋ ಕೇಳಿದಾಗ ನಾನು ಸುಮ್ಮನಿದ್ದರೆ ಅದನ್ನೂ ಉತ್ತರವೆಂದೇ ಎಣಿಸುತ್ತಾಳೆ, ಇದು ಇಷ್ಟವಾಯಿತು. ಕೊನೆ ಸಪ್ಪೆ ಎಂದು ಬಹಳ ಜನ ಬೈಯುತ್ತಾರೆ; ನನಗೆ ಅದೇ ಸರಿ ಎನಿಸಿತು. ನನ್ನ ತಕರಾರು ಬೇರೆ. ನಾನು ಏನೇ ಅಂದರೂ ಕಥೆ ಅದೇ ದಾರಿ ಹಿಡಿಯುತ್ತದೆ. ಎರಡನೆಯ ಸಲ ಆಡಬೇಡಿ, ಗುಟ್ಟು ರಟ್ಟಾಗುತ್ತದೆ.

ದ್ವೀಪವೊಂದರಲ್ಲಿ ಗೆರೆ ಎಳೆದು ಒಗಟು ಬಿಡಿಸುವ ‘ದಿ ವಿಟ್ನೆಸ್’ ಮೇಲೆ ಗೌರವವಿದೆ, ಪ್ರೀತಿ ಹುಟ್ಟಲಿಲ್ಲ. ‘ಡಿಸ್ಕೋ ಎಲಿಸಿಯಂ’ ಎಂಬ ಪತ್ತೇದಾರಿ ಆಟದಲ್ಲಿ ನಾಯಕನ 24 ಸಾಮರ್ಥ್ಯಗಳು ತಲೆಯೊಳಗೆ ಕೂತು ಪರಸ್ಪರ ಜಗಳವಾಡುತ್ತವೆ, ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಹೃದಯಾಘಾತದಿಂದ ಸತ್ತೆ. ಅಷ್ಟು ನಗಿಸಿದ ಸಾವು ಬೇರೊಂದಿಲ್ಲ. ಆದರೆ ಓದಬೇಕಾದ ಇಂಗ್ಲಿಷ್ ರಾಶಿರಾಶಿ, ಅದೂ ಸಲೀಸಾದ ಇಂಗ್ಲಿಷಲ್ಲ. ನಿದ್ದೆಗಣ್ಣಿನವರಿಗೆ ಹೇಳಿದ್ದಲ್ಲ.

ಹಳೆಯ ಸಾಹಸ ಆಟಗಳೇ ಚೆನ್ನಾಗಿದ್ದವು ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. 1990ರ ‘ಮಂಕಿ ಐಲ್ಯಾಂಡ್’ನಲ್ಲಿ ಬೈಗುಳಕ್ಕೆ ತಕ್ಕ ಎದುರು ಬೈಗುಳ ಹುಡುಕಿ ಗೆಲ್ಲುವ ಕತ್ತಿವರಸೆ ಇಂದಿಗೂ ಅಪ್ಪಟ ಚಿನ್ನ. ಅದೇ ಪರಂಪರೆಯಲ್ಲಿ 1999ರ ‘ಗೇಬ್ರಿಯಲ್ ನೈಟ್ 3’ ಕೂಡ ಇದೆ. ಅಲ್ಲಿ ಮೀಸೆಯೇ ಇಲ್ಲದ ಗೆಳೆಯನ ವೇಷ ಹಾಕಲು ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಅಂಟಿಸಿಕೊಳ್ಳಬೇಕು, ಆಮೇಲೆ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು! ಇಂಥದ್ದನ್ನು ಬುದ್ಧಿಗೆ ಕಸರತ್ತು ಎನ್ನಲು ನಾನು ತಯಾರಿಲ್ಲ.

ನಮ್ಮ ಕಡೆಯವು ಹೇಗೆ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ಕಣ್ಣಿಗೆ ಹಬ್ಬ, ಹೊಡೆದಾಟ ಮಾತ್ರ ಸೊರಗಿದೆ. ನಮ್ಮದು ಎಂಬ ಅಭಿಮಾನ ಪಕ್ಕಕ್ಕಿಟ್ಟರೆ ಸಾಧಾರಣ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ‘ವೆಣ್ಬಾ’ (2023) ನನ್ನ ಅಳತೆಗೋಲಿನ ಪ್ರಕಾರ ಸೋಲಬೇಕಿತ್ತು. ನಾಯಕಿಯ ಅಮ್ಮನ ಹರಿದ ಅಡುಗೆ ಪುಸ್ತಕ ನೋಡಿ ಇಡ್ಲಿ ಬೇಯಿಸುವುದೇ ಅದರ ಮೊದಲ ಒಗಟು. ಹೊರಗಿನವರು ತಟ್ಟೆ ಹಿಡಿದು ತಲೆ ಕೆರೆದುಕೊಳ್ಳಲಿ, ಇಡ್ಲಿ ತಿಂದು ಬೆಳೆದವರಿಗೆ ಅದೇನು ಒಗಟು? ಹಾಗಂದುಕೊಂಡೇ ಕೂತಿದ್ದೆ, ಮೊದಲ ಸಲಕ್ಕೇ ತಪ್ಪಿದೆ. ನೀರು ಕುಡಿಯಲು ಎದ್ದು ಬಂದ ನನ್ನ ಅಮ್ಮ ಹಿಂದಿನಿಂದ ಇಣುಕಿ, “ಗುಳಿಯ ಮೇಲೆ ಗುಳಿ ಕೂರಿಸಿದರೆ ಹಬೆ ಎಲ್ಲಿಂದ ಹೋಗಬೇಕೋ? ತಟ್ಟೆ ತಿರುಗಿಸು” ಎಂದಳು. ನಲವತ್ತು ವರ್ಷ ಇಡ್ಲಿ ತಿಂದಿದ್ದೇನೆ, ತಟ್ಟೆ ಜೋಡಿಸಿದ್ದು ಒಂದು ದಿನವೂ ಇಲ್ಲ. ಒಂದೂವರೆ ಗಂಟೆಯಲ್ಲಿ ಮುಗಿಯುವ ಆಟ. ಅಮ್ಮ ಕುರ್ಚಿ ಎಳೆದುಕೊಂಡು ಕೊನೆಯವರೆಗೂ ಕೂತಳು.

ಒಂದನ್ನೇ ಕೊಳ್ಳುವುದಾದರೆ ‘ಓಬ್ರಾ ಡಿನ್’ ಕೊಳ್ಳಿ. ಪಕ್ಕದಲ್ಲಿ ಪೆನ್ನು, ನೋಟ್‌ಬುಕ್ ಇರಲಿ. ಸಿಕ್ಕಿಹಾಕಿಕೊಂಡರೆ ವಿಡಿಯೊ ಹುಡುಕದೆ ಮಲಗಿಬಿಡಿ, ಮರುದಿನ ಪಾದಗಳನ್ನು ನೋಡಿ.