ಮೊರೆಟ್ಟಿ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ,

ಆಸ್ಟ್ರಿಯಾದ ನಟ ಟೋಬಿಯಾಸ್ ಮೊರೆಟ್ಟಿ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಕೈಬಿಡಿ ಎಂದೂ ಹೇಳುತ್ತಿಲ್ಲ, ಹಾಗಿದ್ದರೆ ಒಂದೇ ಸಾಲಲ್ಲಿ ಮುಗಿಸುತ್ತಿದ್ದೆ.

ಮೊದಲ ಪುಟ ಪೂರ್ತಿ ಬಯೋಡೇಟಾ. 1959ರಲ್ಲಿ ಟಿರೋಲ್‌ನಲ್ಲಿ ಹುಟ್ಟು, ವಿಯೆನ್ನಾದಲ್ಲಿ ಸಂಗೀತ ಸಂಯೋಜನೆಯ ಓದು, ಆಮೇಲೆ ಮ್ಯೂನಿಕ್‌ನ ನಾಟಕ ಶಾಲೆ. ತಪ್ಪೇನಿಲ್ಲ, ಆದರೆ ಈ ಮನುಷ್ಯ ಯಾರು, ಇವರ ಬಗ್ಗೆ ನಾನ್ಯಾಕೆ ಓದಬೇಕು ಅಂತ ಓದುವವರಿಗೆ ಇನ್ನೂ ಗೊತ್ತೇ ಆಗಿಲ್ಲವಲ್ಲ. ಬ್ಲೋಯೆಬ್ ಅನ್ನುವ ಹೆಸರು ಬಿಟ್ಟು ತಾಯಿಯ ತವರಿನ ಹೆಸರು ಇಟ್ಟುಕೊಂಡರು ಅನ್ನುವ ಸಾಲು ಚೆನ್ನಾಗಿದೆ. ಅದಿರಲಿ.

‘ಕಮಿಸಾರ್ ರೆಕ್ಸ್’ ಬಗ್ಗೆ ‘ಮನೆಮಾತಾದ ಅದ್ಭುತ ಧಾರಾವಾಹಿ’ ಎಂದು ಬರೆದು ಓಡಿಬಿಟ್ಟಿದ್ದೀರಿ. ಅದರಲ್ಲಿ ಏನಿತ್ತು ಹೇಳಿ! ವಿಯೆನ್ನಾದ ಪೊಲೀಸ್ ಅಧಿಕಾರಿ ಮೋಸರ್, ಜೊತೆಗೊಂದು ಜರ್ಮನ್ ಶೆಫರ್ಡ್. ಆ ನಾಯಿಗೋ ಮಾಂಸ ತುಂಬಿದ ಬನ್ನು ಕಂಡರೆ ಪ್ರಾಣ, ಯಾರ ಕೈಯಲ್ಲಿದ್ದರೂ ಬಿಡುವುದಿಲ್ಲ. ಧಾರಾವಾಹಿಯ ಹೆಸರೂ ಆ ನಾಯಿಯದೇ, ನಟನದಲ್ಲ. 1994ರಲ್ಲಿ ಶುರುವಾಯಿತು, 1998ರಲ್ಲಿ ಮೋಸರ್ ಕಥೆಯಲ್ಲೇ ಸತ್ತ, ಮೊರೆಟ್ಟಿ ಹೊರಟರು, ನಾಯಿ ಬೇರೆ ಅಧಿಕಾರಿಯ ಜೊತೆ ಮುಂದುವರಿಯಿತು. ‘ಬೇಸತ್ತು ಬಿಟ್ಟರು’ ಅಂದಿದ್ದೀರಿ. ಅವರ ಮನಸ್ಸಿನೊಳಗೆ ಹೊಕ್ಕು ನೋಡಿದಿರಾ? ಎಲ್ಲಿ ಹೇಳಿದರು ಅಂತ ತೋರಿಸಿ, ಇಲ್ಲ ತೆಗೆಯಿರಿ.

2005ರಲ್ಲಿ ಟಿವಿಯಲ್ಲಿ ಹಿಟ್ಲರ್, ಅದೇ ವರ್ಷ ರಂಗದ ಮೇಲೆ ಮಧ್ಯಯುಗದ ಬೊಹೀಮಿಯಾದ ರಾಜ ಒಟ್ಟೊಕಾರ್. ಎರಡನ್ನೂ ಒಂದೇ ಸಾಲಿಗೆ ತನ್ನಿ, ಪಕ್ಕಪಕ್ಕದಲ್ಲಿದ್ದರೇ ಅದಕ್ಕೆ ಬೆಲೆ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿದ ವಿಷಯ. ಸಾಲ್ಸ್‌ಬರ್ಗ್‌ನಲ್ಲಿ 1920ರಿಂದ ಚರ್ಚಿನ ಮುಂದಿನ ಬಯಲಲ್ಲಿ ಆಡುವ ‘ಯೇಡರ್‌ಮನ್’ ನಾಟಕ ಗೊತ್ತಲ್ವಾ, ಯೇಡರ್‌ಮನ್ ಅನ್ನುವ ಹಣವಂತನಿಗೆ ಔತಣದ ನಡುವೆ ಸಾವು ಕರೆ ಕೊಡುತ್ತದೆ, ಸುತ್ತಲಿನ ಗೋಪುರಗಳಿಂದ ಅವನ ಹೆಸರು ಕೂಗುವುದು ಕೇಳಿಸುತ್ತದೆ. 2002ರಿಂದ 2005ರವರೆಗೆ ಇದರಲ್ಲಿ ಮೊರೆಟ್ಟಿ ಎರಡು ಪಾತ್ರ ಮಾಡಿದರು. ಒಂದು, ಸಾವಿನ ಸುದ್ದಿ ಕೇಳಿದ್ದೇ ನುಣುಚಿಕೊಳ್ಳುವ ಆಪ್ತ ಗೆಳೆಯ. ಇನ್ನೊಂದು, ಆತ್ಮ ತನ್ನದೆಂದು ಜಗಳಕ್ಕೆ ಬರುವ ಸೈತಾನ. 2017ರಲ್ಲಿ ಅದೇ ಬಯಲಿಗೆ ಯೇಡರ್‌ಮನ್ ಆಗಿಯೇ ಬಂದರು, ಈ ನಾಟಕ ಆಡುವ ಸಾಲ್ಸ್‌ಬರ್ಗ್ ಉತ್ಸವಕ್ಕೆ ನೂರು ತುಂಬಿದ 2020ರವರೆಗೂ ಆಡಿದರು. ಅಂದರೆ ತಾನೇ ಕೈಬಿಟ್ಟು ಓಡಿದ್ದ, ತಾನೇ ಬೆನ್ನು ಹತ್ತಿದ್ದ ಆ ಮನುಷ್ಯನ ಜಾಗದಲ್ಲಿ ಈಗ ತಾನೇ ನಿಂತು, ಗೋಪುರದ ಕೂಗು ಕೇಳಿಸಿಕೊಳ್ಳಬೇಕು. ಇಂಥದ್ದನ್ನು ನಾಲ್ಕನೇ ಪುಟದಲ್ಲಿ, ಅವರ ಹೊಲದ ವಿಷಯಕ್ಕೂ ಪ್ರಶಸ್ತಿಗಳ ಪಟ್ಟಿಗೂ ನಡುವೆ ಒಂದೂವರೆ ಸಾಲಲ್ಲಿ ಹೂತಿದ್ದೀರಲ್ರೀ!

ಆ ಕೂಗಿನಿಂದಲೇ ಶುರು ಮಾಡಿ. ಪ್ರಶಸ್ತಿಗಳ ಪಟ್ಟಿ ಬೇಡವೇ ಬೇಡ. ‘ಅದ್ಭುತ’ ಹನ್ನೊಂದು ಸಲ ಬಂದಿದೆ, ಸುಮ್ನೆ ಎಣಿಸಿದೆ. ನಾನೂ ಶುರುವಿನಲ್ಲಿ ಹೀಗೇ ಬರೆಯುತ್ತಿದ್ದೆ, ಬೇಜಾರು ಮಾಡ್ಕೋಬೇಡಿ. ಅರ್ಧಕ್ಕೆ ಇಳಿಸಿ ಕಳಿಸಿ, ನಾನೇ ಓದುತ್ತೇನೆ. ನಾಯಿಗೆ ಒಂದು ಪ್ಯಾರಾ ಸಾಕು.